ಪಿನ್ನು ಹಾಕುತ್ತಾ ಹೋದದ್ದು: ಉತ್ತರ ಕನ್ನಡದ ಬರಹಗಾರರ ನಕ್ಷೆ, ಇಲ್ಲಿವರೆಗಿನ ಲೆಕ್ಕ

ಕುಮಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸೊಸೈಟಿಯ ವಾರ್ಷಿಕ ವರದಿ, ಇದೇ ಕೆಲಸ. ಸೆಪ್ಟೆಂಬರಿನಲ್ಲಿ ಒಂದು ವಾರ ಬಿಡದೆ ಮಳೆ ಹೊಡೆಯಿತು, ಗಿರಾಕಿ ಇಲ್ಲ. ಸುಮ್ನೆ ಕೂತವನು ಗೂಗಲ್ ನಕ್ಷೆಯಲ್ಲಿ ನಮ್ಮ ಜಿಲ್ಲೆಯ ಬರಹಗಾರರ ಊರುಗಳಿಗೆ ಒಂದೊಂದು ಪಿನ್ನು ಹಾಕತೊಡಗಿದೆ. ಕವಿಗೆ ಹಸಿರು, ಕತೆಗಾರರಿಗೆ ನೀಲಿ, ಹಳಬರಿಗೆ ಕೆಂಪು. ಆ ವಾರ 14 ಪಿನ್ನು ಬಿತ್ತು. ನಾಲ್ಕು ಭಾನುವಾರದಲ್ಲಿ ಎಲ್ಲಾ ಕಡೆ ಹೋಗಿ ಫೋಟೋ ತೆಗೆದು, ಎ3 ಹಾಳೆಯಲ್ಲಿ ಪ್ರಿಂಟು ಹಾಕಿ ಅಂಗಡಿಯ ಗೋಡೆಗೆ ಅಂಟಿಸುವುದು ಅಂತ ಲೆಕ್ಕ.

ಈಗ ಜನವರಿ. ಗೋಡೆ ಖಾಲಿಯೇ ಇದೆ.

ಅಕ್ಟೋಬರ್, ಮೊದಲ ಸುತ್ತು

ಹತ್ತಿರದ್ದು ಮೊದಲು ಅಂತ ಹೊನ್ನಾವರದ ಕಡೆ ಹೊರಟೆ. ಹಿಂದಿನ ಸೀಟಿನಲ್ಲಿ ಅಕ್ಕನ ಮಗ. ಕಾಲೇಜು ಹುಡುಗ, ಫೋಟೋ ಅವನ ಖಾತೆ. ಹೋಗಿದ್ದು ಕರ್ಕಿಗೆ. ಸೂರಿ ವೆಂಕಟರಮಣ ಶಾಸ್ತ್ರಿಗಳ ಊರು. 1887ರಲ್ಲೇ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಬರೆದವರು. ದುಡ್ಡು ತಗೊಂಡು ಹೆಣ್ಣು ಕೊಡುವ ಪದ್ಧತಿಯ ಮೇಲೆ ಬರೆದ ನಾಟಕ. ರಾಜರಿಲ್ಲ, ದೇವರಿಲ್ಲ, ನಮ್ಮದೇ ಮನೆಗಳ ಮಾತು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕ ಯಾವುದು ಅಂತ ಕೇಳಿದರೆ ತಿಳಿದವರು ಹೇಳುವ ಹೆಸರು ಇದು.

ಕರ್ಕಿಯ ಒಂದು ಚಾ ಅಂಗಡಿಯಲ್ಲಿ ಕೇಳಿದೆ. ಅಲ್ಲಿದ್ದ ಹಿರಿಯರೊಬ್ಬರು, "ಇಗ್ಗಪ್ಪ ಹೆಗಡೇರಾ? ಯಾವ ಕೇರಿಯವರು?" ಅಂದರು. ನಾಟಕದ ಪಾತ್ರ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅಳಿಯ ನಗು ತಡೆಯಲಾರದೆ ಹೊರಗೆ ಹೋಗಿ ನಿಂತಿದ್ದ. ಪಿನ್ನನ್ನು ಊರಿನ ನಡುವೆ ಹಾಕಿ ಬಂದೆವು. ಯಾವುದೇ ಮನೆಯ ಫೋಟೋ ಇಲ್ಲ.

ವಾಪಸ್ ಬರುವಾಗ ಅಡ್ಡಮಳೆ. ಬ್ಯಾಗಿನಲ್ಲಿದ್ದ ನೋಟ್‌ಬುಕ್ ನೆನೆಯಿತು. ಶಾಯಿ ಪೆನ್ನಿನಿಂದ ಬರೆಯುವ ಚಟ ನನ್ನದು. ಮೂರು ವಾರ ಕೂಡಿಸಿದ ಟಿಪ್ಪಣಿ ನೀಲಿ ನೀರಾಗಿ ಹೋಯಿತು. ಈಗ ಪೆನ್ಸಿಲು.

ನವೆಂಬರ್, ಹನೇಹಳ್ಳಿ

ಹೆದ್ದಾರಿ ಹಿಡಿದು ಗೋಕರ್ಣದ ದಾರಿಯಲ್ಲಿ ಹೋದರೆ ಹನೇಹಳ್ಳಿ ಸಲೀಸು. ಆದರೆ ನನಗೆ ತಾರಿ ದಾಟಿಯೇ ಹೋಗಬೇಕಿತ್ತು. ಕುಮಟೆಯಿಂದ ಅಘನಾಶಿನಿ ಊರು, ಅಲ್ಲಿಂದ ದೋಣಿ, ಆಚೆ ದಡ ತದಡಿ. ಸ್ಕೂಟರನ್ನು ದೋಣಿಗೆ ಹತ್ತಿಸುವಾಗ ಮೂರು ಜನ ಕೈ ಹಾಕಿದರು. ನಾನು ಹಿಡಿದದ್ದು ಕನ್ನಡಿ ಮಾತ್ರ, ಅದೂ ತಿರುಗಿಕೊಂಡಿತು. ಮೀನು ತಗೊಂಡು ಹೊರಟ ಹೆಂಗಸರು ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು ಆ ದಡದಿಂದ ಈ ದಡಕ್ಕೆ ಬರುವವರೆಗೆ ಒಂದು ಇಡೀ ಜಗಳ ಮಾತಾಡಿ ಮುಗಿಸಿದರು. ಇಳಿಯುವಾಗ ನಕ್ಕೊಂಡೇ ಇಳಿದರು.

ಹನೇಹಳ್ಳಿ ಕನ್ನಡ ಓದುವವರಿಗೆಲ್ಲ ಗೊತ್ತು, ನೋಡದಿದ್ದರೂ. ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದ್ದು ಇಲ್ಲಿ. ಮುಂಬಯಿಯಲ್ಲಿ ಪ್ಲಾಸ್ಟಿಕ್ ರಸಾಯನದ ತಜ್ಞರಾಗಿ ಬದುಕು ಕಳೆದರು, ಬರೆಯುವಾಗ ಮತ್ತೆ ಮತ್ತೆ ಹನೇಹಳ್ಳಿಗೆ ಬಂದರು. 'ಕತೆಯಾದಳು ಹುಡುಗಿ' ಸಂಕಲನಕ್ಕೆ 1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಅವರ ಅಣ್ಣ ಗಂಗಾಧರ ಚಿತ್ತಾಲರು ಕವಿ. ನನ್ನನ್ನು ಕೇಳಿದರೆ ಅಣ್ಣನನ್ನು ನಾವು ಓದಬೇಕಾದಷ್ಟು ಓದಿಲ್ಲ.

ದಾರಿ ಬದಿಯ ಒಂದು ಮನೆಯಲ್ಲಿ ಅಮ್ಮನೊಬ್ಬರು ಅಂಗಳ ಸಾರಿಸುತ್ತಿದ್ದರು. ನಮ್ಮ ಕಡೆ ಮಳೆಗಾಲ ಮುಗಿದ ಕೂಡಲೇ ಪಾಚಿ ಕೆರೆದು, ಹೊಸ ಮಣ್ಣು ಹಾಕಿ, ಬಡಿದು ಗಟ್ಟಿ ಮಾಡಿ ಸಗಣಿ ಸಾರಿಸುತ್ತಾರಲ್ಲ, ಆ ಕೆಲಸ. ಅಂಗೈ ಅರ್ಧ ಚಂದ್ರದ ಹಾಗೆ ತಿರುಗುತ್ತಿತ್ತು. ಒಂದು ಚಂದ್ರದ ಅಂಚು ಇನ್ನೊಂದಕ್ಕೆ ತಾಗಿಕೊಂಡೇ ಬೀಳುತ್ತಿತ್ತು. ನಾವು ಚಪ್ಪಲಿ ಹಾಕಿಕೊಂಡು ಒದ್ದೆ ಅಂಗಳದ ಅಂಚಿಗೆ ಬಂದಿದ್ದೆವು. ಅವರು ಮೊದಲು ನೋಡಿದ್ದು ನಮ್ಮ ಕಾಲನ್ನು.

"ಯಾರ ಮನೆ ಬೇಕಾಗಿತ್ತು?"

"ಚಿತ್ತಾಲರ ಮನೆ ಅಮ್ಮಾ."

"ಕತೆ ಬರೆದವರದ್ದೋ, ಕವನ ಬರೆದವರದ್ದೋ?"

"ಎರಡೂ ಒಂದೇ ಅಲ್ವಾ?"

"ಮನೆ ಒಂದೇ. ಹುಡುಕಿಕೊಂಡು ಬರುವವರು ಬೇರೆ ಬೇರೆ."

ಆಮೇಲೆ ಕೈಯಲ್ಲೇ ದಿಕ್ಕು ತೋರಿಸಿ, "ಅಲ್ಲೂ ಹಿಂಗೇ ಅಂಗಳಕ್ಕೆ ಕಾಲಿಡಬೇಡಿ ಮತ್ತೆ" ಅಂದರು.

ನಾವು ಹೋಗಲಿಲ್ಲ. ಅಳಿಯ ಕೇಳಿದ, "ಮಾವ, ಇಷ್ಟು ದೂರ ಬಂದು?" ಅವನಿಗೆ ಆಗ ಉತ್ತರ ಹೇಳಲಾಗಲಿಲ್ಲ. ರಾತ್ರಿ ಮನೆಗೆ ಬಂದು ಒಂದು ನಿಯಮ ಬರೆದೆ: ಜನ ಬದುಕುತ್ತಿರುವ ಮನೆಗೆ ಪಿನ್ನಿಲ್ಲ. ಹತ್ತಿರದ ಶಾಲೆಗೋ ತಾರಿಗೋ ಬಸ್‌ಸ್ಟಾಪಿಗೋ ಹಾಕುವುದು. ಒಂದೇ ಏಟಿಗೆ ಒಂಬತ್ತು ಪಿನ್ನು ಕಿತ್ತುಹೋದವು.

ಆದರೆ ನಿಯಮ ಬೇರೆ ಒಂದು ಉಪಕಾರ ಮಾಡಿತು. ಶಾಲೆಗಳನ್ನು ನೋಡತೊಡಗಿದೆ. ಹನೇಹಳ್ಳಿಗೆ ತಾಗಿಯೇ ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲು. 'ಬಕುಲದ ಹೂವುಗಳು' ಬರೆದ ಸು. ರಂ. ಎಕ್ಕುಂಡಿ ಅಲ್ಲಿ ಮೇಷ್ಟ್ರಾಗಿದ್ದರು. ಗೋಕರ್ಣದ ಭದ್ರಕಾಳಿ ಹೈಸ್ಕೂಲಿನಲ್ಲಿ ಗೌರೀಶ ಕಾಯ್ಕಿಣಿ ಪಾಠ ಮಾಡಿದರು. ದೇಶದ ತತ್ತ್ವಜ್ಞಾನವೆಲ್ಲ ಓದಿಕೊಂಡಿದ್ದ ಮನುಷ್ಯ ಗೋಕರ್ಣ ಬಿಟ್ಟು ಹೋಗಲಿಲ್ಲ. ಮಗ ಜಯಂತ ಮುಂಬಯಿಗೆ ಹೋಗಿ, ಮುಂಬಯಿಯ ಕತೆ ಬರೆದು, ಅವುಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಪಡೆದರು. ಒಂದೇ ಮನೆಯಲ್ಲಿ ಒಬ್ಬರು ಉಳಿದವರು, ಒಬ್ಬರು ಹೊರಟವರು. ಇದನ್ನು ಯಾವ ಬಣ್ಣದ ಪಿನ್ನಿನಲ್ಲಿ ತೋರಿಸುವುದು?

ಅಂಕೋಲೆ, ಅದೇ ತಿಂಗಳು

ಅಂಕೋಲೆಯದ್ದು ಬೇರೆಯೇ ತೊಂದರೆ, ಬರಹಗಾರರು ಜಾಸ್ತಿ. ವಿಮರ್ಶಕ ಜಿ. ಎಚ್. ನಾಯಕರ ಸೂರ್ವೆ ಇದೇ ತಾಲೂಕು. ಕತೆಗಾರ ವಿವೇಕ ಶಾನಭಾಗ ಹುಟ್ಟಿದ್ದು ಅಂಕೋಲೆಯಲ್ಲಿ. ದಿನಕರ ದೇಸಾಯಿಯವರ ಅಲಗೇರಿ ಪೇಟೆಗೆ ಹತ್ತಿರವೇ.

ದೇಸಾಯಿಯವರಿಗೆ ಎಲ್ಲಿ ಪಿನ್ನು ಹಾಕುವುದು ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಚುಟುಕ ಬರೆದರು, ರೈತರನ್ನು ಕಟ್ಟಿಕೊಂಡು ಹೋರಾಡಿ ಜಿಲ್ಲೆಯಿಂದ ಗಡಿಪಾರಾದರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಮಾಡಿ ಊರೂರಲ್ಲಿ ಶಾಲೆ ತೆಗೆದರು, 1967ರಲ್ಲಿ ಲೋಕಸಭೆಗೂ ಹೋದರು. ಸತ್ತ ಮೇಲೆ ತನ್ನ ಬೂದಿಯನ್ನು ಗಾಳಿಗೆ ತೂರಿ, ಅದು ಭತ್ತದ ಗದ್ದೆಯಲ್ಲಿ ಬೀಳಲಿ ಅಂತ ಬರೆದ ಕವಿಗೆ ಒಂದೇ ಜಾಗ ಗೊತ್ತು ಮಾಡುವುದು ಹೇಗೆ? ಅಳಿಯನಿಗೆ ಅವರು ಯಾರೆಂದು ಗೊತ್ತಿರಲಿಲ್ಲ. "ಗಂಟೆಯ ನೆಂಟನೆ ಓ ಗಡಿಯಾರ" ಅಂದೆ. ಉಳಿದದ್ದನ್ನು ಸ್ಕೂಟರಿನ ಹಿಂದೆ ಕೂತು ಅವನೇ ಪೂರ್ತಿ ಹಾಡಿದ. ಹಾಡಿ, "ಇದು ಅವರದ್ದಾ?" ಅಂತ ಕೇಳಿದ.

ಕೊನೆಗೆ ಅವರು ಕಟ್ಟಿದ ಶಾಲೆಗಳಿಗೆಲ್ಲ ಚಿಕ್ಕ ಚಿಕ್ಕ ಚುಕ್ಕೆ ಹಾಕುವುದು ಅಂತ ಮಾಡಿದೆ. ಆ ಕೆಲಸ ಇನ್ನೂ ಅರ್ಧವೂ ಆಗಿಲ್ಲ.

ಘಟ್ಟದ ಮೇಲಿನದ್ದು ಬೇಗ ಮುಗಿಯಿತು. ಬನವಾಸಿಗೆ ಹೋಗಿ ಮಧುಕೇಶ್ವರನಿಗೆ ಕೈ ಮುಗಿದು ಬಂದೆ. 941ರಲ್ಲಿ ಭಾರತ ಬರೆದ ಪಂಪ ಅಂಕುಶ ಇಟ್ಟರೂ ತನ್ನ ಮನಸ್ಸು ನೆನೆಯುವುದು ಬನವಾಸಿಯನ್ನೇ ಅಂದ. ಆ ಜಾಗಕ್ಕೆ ನನ್ನ ಪಿನ್ನು ಬೇಕಾಗಿಲ್ಲ. ಸೋಂದೆಯಲ್ಲಿ ವಾದಿರಾಜರ ವೃಂದಾವನ ನೋಡಿದೆ, ಊಟ ಚೆನ್ನಾಗಿತ್ತು.

ಹುಣ್ಣಿಮೆ, ಕಾರವಾರ

ಇಡೀ ಯೋಜನೆಯಲ್ಲಿ ನಾನು ಕಾದದ್ದು ಇದಕ್ಕೆ. ರವೀಂದ್ರನಾಥ ಟಾಗೋರರು 1883ರಲ್ಲಿ ಕಾರವಾರದಲ್ಲಿದ್ದರು. 22ರ ಹುಡುಗ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಇಲ್ಲೇ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು. ಎಲ್ಲ ಬಂಧ ಕಡಿದುಕೊಂಡ ಸನ್ಯಾಸಿಯನ್ನು ಒಬ್ಬಳು ಅನಾಥ ಹುಡುಗಿ ಮತ್ತೆ ಲೋಕಕ್ಕೆ ಎಳೆಯುವ ಕತೆ. ಕಡಲತೀರಕ್ಕೆ ಅವರ ಹೆಸರು ಇಟ್ಟಿದ್ದೇವೆ. ಅಲ್ಲಿ ಈಗ ಯುದ್ಧನೌಕೆ ಚಪಲ್ ನಿಂತಿದೆ, ಮಕ್ಕಳು ಅದರ ಮುಂದೆ ಸೆಲ್ಫಿ ತೆಗೆಯುತ್ತಾರೆ.

ಟಾಗೋರರ ನೆನಪಿನ ಪುಸ್ತಕ 'ಜೀವನಸ್ಮೃತಿ'ಯಲ್ಲಿ ಕಾರವಾರದ ಒಂದು ರಾತ್ರಿಯಿದೆ. ಸಂಜೆ ಕಾಳಿ ನದಿಯಲ್ಲಿ ದೋಣಿಯಲ್ಲಿ ಮೇಲಕ್ಕೆ ಹೋಗುತ್ತಾರೆ. ದಾರಿಯಲ್ಲಿ ಶಿವಾಜಿಯ ಹಳೇ ಗುಡ್ಡದ ಕೋಟೆ ನೋಡುತ್ತಾರೆ. ಒಬ್ಬ ರೈತನ ಮನೆಯ ಚೊಕ್ಕ ಗುಡಿಸಿದ ಅಂಗಳದಲ್ಲಿ ಕೂರುತ್ತಾರೆ. ವಾಪಸ್ ಬರುವಾಗ ನದಿಯ ಬಾಯಿಗೆ ಬರುವಷ್ಟರಲ್ಲಿ ತಡರಾತ್ರಿ. ದೋಣಿ ಬಿಟ್ಟು, ಬೆಳದಿಂಗಳಲ್ಲಿ ಮರಳ ಮೇಲೆ ನಡೆದು ಮನೆ ಸೇರುತ್ತಾರೆ. ಗಾಳಿಮರಗಳು ಕೂಡ ಸದ್ದು ಮಾಡುತ್ತಿರಲಿಲ್ಲ ಅಂತ ಬರೆಯುತ್ತಾರೆ. ಮನೆಗೆ ಬಂದು ನಿದ್ದೆ ಬಾರದೆ ಒಂದು ಕವನ.

ನಾನು ಮೊದಲು ನೋಡಿದ ಒಂದು ಕಡೆ ಅವರಿದ್ದ ಬಂಗಲೆ ಅಂತ ಪಿನ್ನು ಇತ್ತು. ಹೋಗಿ ನೋಡಿದರೆ ಪಾರ್ಕಿಂಗ್ ಜಾಗ. ಸರಿ, ಮನೆ ಬೇಡ, ಆ ನಡಿಗೆಯನ್ನೇ ಹಿಡಿಯೋಣ ಅಂತ ಹುಣ್ಣಿಮೆ ರಾತ್ರಿ ಕೋಡಿಬಾಗದಲ್ಲಿ ಸ್ಕೂಟರ್ ನಿಲ್ಲಿಸಿದೆವು. ಎದುರು ಕಾಳಿ. 2024ರ ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ ಕುಸಿದ ಹಳೇ ಸೇತುವೆಯ ಜಾಗ, ಪಕ್ಕದಲ್ಲಿ ಹೊಸದು, ಆಚೆ ಸದಾಶಿವಗಡದ ಗುಡ್ಡ. ಟಾಗೋರರು ನೋಡಿದ ಕೋಟೆ ಇದೇ ಆಗಿದ್ದರೆ ಒಂದು ತಮಾಷೆ ಇದೆ. ಇದನ್ನು ಕಟ್ಟಿಸಿದ್ದು ಸೋಂದೆಯ ಅರಸರು, ಹೆಸರು ಸದಾಶಿವರಾಯನದ್ದು. ಆ ಸದಾಶಿವರಾಯ ಕನ್ನಡದಲ್ಲಿ ಹಾಡು ಕಟ್ಟಿದ ಕವಿ.

ಹುಣ್ಣಿಮೆಗೆ ಭರತ, ಅಂದರೆ ಸಮುದ್ರದ ಉಬ್ಬರ, ಜೋರು ಅನ್ನುವುದು ಕರಾವಳಿಯಲ್ಲಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಹತ್ತೂವರೆ ಹೊತ್ತಿಗೆ ನೀರು ಮೇಲೆ ಮೇಲೆ ಬಂತು. ಗಟ್ಟಿ ಮರಳೆಲ್ಲ ಮುಳುಗಿ, ಕಾಲು ಹೂತುಹೋಗುವ ಸಡಿಲ ಮರಳಿನಲ್ಲಿ ನಡೆದೆವು. ಏಡಿಗಳು ಟಾರ್ಚಿನ ಬೆಳಕಿಗೆ ಅಡ್ಡಡ್ಡ ಓಡಿದವು. ಎಡಕ್ಕೆ ಹೆದ್ದಾರಿಯ ಲಾರಿ ಸದ್ದು, ನಿಲ್ಲುವುದೇ ಇಲ್ಲ. ಒಂದು ಕಡೆ ಮಾತ್ರ, ಗಾಳಿಮರಗಳ ಸಾಲು ಇನ್ನೂ ಉಳಿದ ಕಡೆ, ನೆರಳು ಮರಳಿನ ಅಂಚಿಗೆ ಕಪ್ಪಗೆ ಬಿದ್ದಿತ್ತು. ಅಲ್ಲಿ ಇಬ್ಬರೂ ಸ್ವಲ್ಪ ಹೊತ್ತು ನಿಂತೆವು. ಅಳಿಯ ಫೋಟೋ ತೆಗೆದ, ಏನೂ ಬಂದಿಲ್ಲ, ಬರೀ ಕಪ್ಪು.

ಆಮೇಲೆ ನೆನಪಾಯಿತು, ಸ್ಕೂಟರ್ ಕೋಡಿಬಾಗದಲ್ಲೇ ಇದೆ.

"ಟಾಗೋರರಿಗೆ ಸ್ಕೂಟರ್ ಇರಲಿಲ್ಲ ಮಾವ, ಅದಕ್ಕೇ ಒಂದೇ ಸಲ ನಡೆದು ಕವನ ಬರೆದರು" ಅಂದ.

ನಕ್ಷೆಯಲ್ಲಿ ಈ ನಡಿಗೆಯನ್ನು ಪಿನ್ನಿನಲ್ಲಿ ಹಾಕಲಾಗಲಿಲ್ಲ. ಗೆರೆ ಎಳೆದೆ. ಇಡೀ ನಕ್ಷೆಯಲ್ಲಿ ಅದು ಮೊದಲ ಗೆರೆ.

ಡಿಸೆಂಬರ್, ಅಂಗಡಿಯಲ್ಲಿ

ಒಂದು ಗೆರೆ ಎಳೆದ ಮೇಲೆ ಉಳಿದ ಪಿನ್ನುಗಳೂ ಗೆರೆ ಕೇಳಲು ಶುರು ಮಾಡಿದವು. ಒಬ್ಬೊಬ್ಬರೂ ಎಲ್ಲಿಗೆ ಹೋದರು ಅಂತ ಬರೆಯುತ್ತಾ ಹೋದೆ. ಚಿತ್ತಾಲ, ಮುಂಬಯಿ. ಜಯಂತ, ಮುಂಬಯಿ. ದೇಸಾಯಿಯವರು ಎಷ್ಟೋ ವರ್ಷ ಇದ್ದದ್ದು ಮುಂಬಯಿ. ಇಗ್ಗಪ್ಪ ಹೆಗಡೆ ಅಚ್ಚಾದದ್ದೂ ಮುಂಬಯಿಯಲ್ಲೇ.

ಕಾರಣ ನಮ್ಮ ಅಜ್ಜಂದಿರಿಗೆ ಹೇಳಿಕೊಡಬೇಕಾಗಿರಲಿಲ್ಲ. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1956ರ ತನಕ ಹಾಗೇ ಇತ್ತು. ಮೆಟ್ರಿಕ್ ಪರೀಕ್ಷೆ ಮುಂಬಯಿಯದ್ದು, ಕೋರ್ಟು ಮುಂಬಯಿಯದ್ದು, ಹಡಗು ಮುಂಬಯಿಗೆ. ಇದು ನನಗೆ ಗೊತ್ತಿತ್ತು. ಹೊಳೆಯದೆ ಇದ್ದದ್ದು ಇನ್ನೊಂದು ಕಡೆ. ಸತ್ಯೇಂದ್ರನಾಥರು ಬ್ರಿಟಿಷರ ಕಾಲದ ಆಡಳಿತ ಸೇವೆ ಐಸಿಎಸ್ ಪಾಸಾದ ಮೊದಲ ಭಾರತೀಯ, ಅವರಿಗೆ ಸಿಕ್ಕ ನೌಕರಿ ಮುಂಬಯಿ ಪ್ರಾಂತ್ಯದಲ್ಲಿ. ಅದಕ್ಕೇ ಕಾರವಾರಕ್ಕೆ ವರ್ಗ. ಮದ್ರಾಸಿನಲ್ಲೇ ನಾವು ಉಳಿದಿದ್ದರೆ ಟಾಗೋರರು ಇಲ್ಲಿಗೆ ಬರುವ ಪ್ರಮೇಯವೇ ಇರಲಿಲ್ಲ. ಅವರನ್ನು ಕರೆತಂದ ದಾರಿಯಲ್ಲೇ ನಮ್ಮವರು ಆಚೆ ಹೊರಟದ್ದು.

ಇನ್ನೊಂದು ಚಿಕ್ಕದು. ಕಾರವಾರದಿಂದ ಮರಳಿದ ಸ್ವಲ್ಪದರಲ್ಲೇ, 1883ರ ಡಿಸೆಂಬರಿನಲ್ಲಿ, ಟಾಗೋರರ ಮದುವೆ. ಹಾಗಾದರೆ ಅವರು ಕೂತ ರೈತನ ಅಂಗಳ ಮಳೆಗಾಲ ಕಳೆದು ಹೊಸದಾಗಿ ಮಾಡಿದ್ದೇ ಇರಬೇಕು ಅಂತ ನನ್ನ ಲೆಕ್ಕ. ಹನೇಹಳ್ಳಿಯ ಅಮ್ಮನ ಅಂಗಳದ ಹಾಗೆ. ಅವರನ್ನು ಒಳಗೆ ಬಿಟ್ಟಿದ್ದಾರೆ ನೋಡಿ.

ಈಗಿನ ಸ್ಥಿತಿ

ಪಿನ್ನು 11, ಗೆರೆ 6, ಶಾಲೆಗಳ ಚುಕ್ಕೆ ನಡೀತಾ ಇದೆ. ಹಳಿಯಾಳ ಬಾಕಿ, ಶಾಂತಿನಾಥ ದೇಸಾಯಿಯವರಿಗೆ. ಹೊನ್ನಾವರ ಇನ್ನೊಮ್ಮೆ ಹೋಗಬೇಕು, ಕೃಷ್ಣಾನಂದ ಕಾಮತರಿಗೆ. ಎ3 ಹಾಳೆ ಸಾಲುವುದಿಲ್ಲ, ಮೇಲುಗಡೆ ಮುಂಬಯಿ ಬರಬೇಕಲ್ಲ. ಜಿಲ್ಲೆಯನ್ನು ಕೆಳಗೆ ಒತ್ತಿ, ನಡುವೆ ಕೊಂಕಣದ ತೀರವನ್ನು ಬರೀ ಗೆರೆಯಲ್ಲಿ ತೋರಿಸಿ ಉದ್ದದ ಹಾಳೆ ಮಾಡುವುದು ಅಂತ ಈಗಿನ ಯೋಚನೆ. ಬ್ಯಾನರ್ ಮಷಿನ್ನು ಇರುವವರ ಹತ್ತಿರ ಹೋಗಬೇಕಾದೀತು.

ಮುಂದಿನ ಭಾನುವಾರ ಕಾರವಾರದ ಬೈತಖೋಲ ಬಂದರು. 'ಪ್ರಕೃತಿರ್ ಪ್ರತಿಶೋಧ್' ನಾಟಕದ ಕೆಲವು ಹಾಡುಗಳನ್ನು ಟಾಗೋರರು ಕಟ್ಟಿದ್ದು ಕಾರವಾರದಿಂದ ವಾಪಸ್ ಹೋಗುವಾಗ, ಹಡಗಿನ ಡೆಕ್ಕಿನ ಮೇಲೆ ಕೂತು. ಆ ಗೆರೆಯನ್ನು ನೀರಿನ ಮೇಲೆ ಎಳೆಯಬೇಕು. ಅಳಿಯನಿಗೆ ಪರೀಕ್ಷೆ ಇದೆಯಂತೆ, ಆದರೂ ಬರ್ತೀನಿ ಅಂದಿದ್ದಾನೆ. ಸ್ಕೂಟರನ್ನು ಈ ಸಲ ಎಲ್ಲಿ ನಿಲ್ಲಿಸುವುದು ಅಂತ ಅವನೇ ಹೇಳುತ್ತಾನಂತೆ.