ಹಿಮ ಬಿಳಿ ಅಲ್ಲ

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಗ್ಯಾಲರಿ ಇದೆ. ಚಿತ್ರಸಂತೆಗೆ ಪ್ರತಿ ವರ್ಷ ಬರುವವರಲ್ಲೂ ಎಷ್ಟೋ ಜನ ಅದನ್ನು ನೋಡಿರುವುದಿಲ್ಲ. ದಯವಿಟ್ಟು ಒಮ್ಮೆ ಒಳಗೆ ಹೋಗಿ.

ಹಿಮಾಲಯದ ಬೆಟ್ಟಗಳನ್ನು ಚಿತ್ರಿಸಿದ ಕಲಾವಿದ ನಿಕೊಲಾಸ್ ರೋರಿಕ್ ಹುಟ್ಟಿದ್ದು 1874ರಲ್ಲಿ, ರಷ್ಯಾದಲ್ಲಿ. ಕೊನೆಯ ವರ್ಷಗಳನ್ನು ಕುಲು ಕಣಿವೆಯ ನಗ್ಗರ್‌ನಲ್ಲಿ ಕಳೆದು, 1947ರಲ್ಲಿ ಅಲ್ಲೇ ತೀರಿಕೊಂಡರು. ಮಗ ಸ್ವೆತೊಸ್ಲಾವ್, ನಟಿ ದೇವಿಕಾ ರಾಣಿಯವರ ಜೊತೆ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರಲ್ಲ, ಅವರಿಂದಾಗಿ ಈ ಬೆಟ್ಟಗಳು ನಮ್ಮೂರಿಗೆ ಬಂದವು.

ಮೊನ್ನೆ ಒಂದು ಹಿಮಾಲಯದ ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದೆ. ದೂರದಿಂದ ಶಿಖರ ಬೆಳ್ಳಗೆ ಕಂಡಿತ್ತು. ಹತ್ತಿರ ಹೋದರೆ ಬಿಳಿಯೇ ಇಲ್ಲ! ನೆರಳಿನ ಕಡೆ ತಿಳಿನೀಲಿ. ಬಿಸಿಲಿನ ಕಡೆ, ಈರುಳ್ಳಿಯ ಒಳಪದರದಂಥ ನಸುಗೆಂಪು. ಒಂದು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಆಕಾಶದ ಹಳದಿ ಪಟ್ಟಿಗೆ ಹೆಬ್ಬೆರಳು ಅಡ್ಡ ಹಿಡಿದೆ. ಕೆಳಗಿನ ನೇರಳೆ ಬೆಟ್ಟ ತಕ್ಷಣ ಮಂಕಾಯಿತು. ಬೆರಳು ತೆಗೆದೆ, ಮತ್ತೆ ಜೀವ ಬಂತು. ಬೆಟ್ಟದ ಬಣ್ಣವನ್ನು ಎತ್ತಿ ಹಿಡಿದಿದ್ದು ಪಕ್ಕದ ಹಳದಿ. ಎಣ್ಣೆಯ ಬದಲು ಅಂಟಿನಲ್ಲಿ ಕಲಸುವ ಟೆಂಪೆರಾ ಬಣ್ಣ ಆಗಿದ್ದರಿಂದ ತೈಲವರ್ಣದ ಹಾಗೆ ದೀಪಕ್ಕೆ ಹೊಳೆಯುವುದೂ ಇಲ್ಲ. ಆ ಮೌನ ಅರ್ಧ ಅದರಿಂದಲೇ ಬಂದಿದ್ದು ಅನ್ನಿಸುತ್ತೆ ನನಗೆ.

ಹೋದ ವರ್ಷ ನಾನು ಮುಳ್ಳಯ್ಯನಗಿರಿಯ ಬೆಳಗನ್ನು ವಾಟರ್ ಕಲರ್‌ನಲ್ಲಿ ಮಾಡಿದ್ದೆ. ಬೆಟ್ಟ ಹಸಿರು ಅಲ್ವಾ, ಹಿಂದಿನ ಸಾಲುಗಳಿಗೂ ಹಸಿರೇ ಹಾಕಿದ್ದೆ. ಜೊತೆಗೆ ಬಂದಿದ್ದ ಅಮ್ಮ ನೋಡಿ, “ಚೆನ್ನಾಗಿದೆ, ಆದರೆ ಚಳಿನೇ ಇಲ್ವಲ್ಲೇ ಇದರಲ್ಲಿ” ಅಂದಿದ್ದರು. ಆ ಮಾತು ಮನಸ್ಸಲ್ಲೇ ಉಳಿದಿತ್ತು.

ಗ್ಯಾಲರಿಯಿಂದ ಬಂದವಳು ಅದನ್ನೇ ಮತ್ತೆ ಶುರು ಮಾಡಿದೆ. ದೂರದ ಬೆಟ್ಟಕ್ಕೂ ನಮಗೂ ನಡುವೆ ಅಷ್ಟೊಂದು ಗಾಳಿ ಇದೆ. ಗಾಳಿ ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತೆ, ಅದಕ್ಕೇ ದೂರದ್ದೆಲ್ಲ ನೀಲಿ. ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬೆರೆಸಿದೆ, ತಣ್ಣನೆಯ ಬೂದುನೀಲಿ ಸಿಕ್ಕಿತು. ಹಿಂದೆ ಹೋದಷ್ಟೂ ನೀರು ಜಾಸ್ತಿ. ಹಸಿರು ಮುಂದಿನ ಹುಲ್ಲಿಗೆ ಮಾತ್ರ. ಆಕಾಶದ ಅಂಚಿಗೆ ತೆಳು ಹಳದಿ. ಅದು ಒಣಗುವ ಮೊದಲೇ ನೀಲಿ ಹಚ್ಚಿ ಎರಡು ಹಾಳೆ ಕೆಟ್ಟವು, ಹಳದಿ ನೀಲಿ ಎರಡೂ ಸೇರಿ ಪಾಚಿ ಬಣ್ಣಕ್ಕೆ ತಿರುಗಿದವು. ಮೂರನೆಯದಕ್ಕೆ ಸುಮ್ನೆ ಕಾದು ಕೂತೆ.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. “ಶಾಲು ಹೊದ್ದುಕೊಂಡು ನಿಂತಿದ್ವಲ್ಲ, ಆವತ್ತಿನದಾ?”