ಶಿಡ್ಲಘಟ್ಟದಲ್ಲಿ ರೇಷ್ಮೆ ಎಳೆ ಸಾಕ್ಷಿ ಆಗುತ್ತಾ? ನನ್ನ ನಾರಿನ ಪ್ರಯೋಗ ಎಲ್ಲಿಗೆ ಬಂತು

ಹವ್ಯಾಸಕ್ಕೆ ಮಾಡುತ್ತಿದ್ದ ಬೆರಳಗುರುತಿನ (ಫಿಂಗರ್‌ಪ್ರಿಂಟ್) ಕೆಲಸವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಈ ಮಳೆಗಾಲವಿಡೀ ಬಟ್ಟೆಯ ಎಳೆಗಳ ಹಿಂದೆ ಬಿದ್ದಿದ್ದೇನೆ. ನಾನಿರುವುದು ಶಿಡ್ಲಘಟ್ಟದಲ್ಲಿ. ನಮ್ಮ ಬೀದಿಯಲ್ಲೇ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಮನೆಗಳಿವೆ. ಇಂಥ ಊರಲ್ಲಿ ಯಾರದೋ ಅಂಗಿ ಮೇಲೆ ಒಂದು ರೇಷ್ಮೆ ಎಳೆ ಸಿಕ್ಕಿತು ಅಂದುಕೊಳ್ಳಿ. ಅದರಿಂದ ಏನು ಗೊತ್ತಾಗುತ್ತದೆ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಬಿಡಲೇ ಇಲ್ಲ. ಇಲ್ಲಿಯವರೆಗೆ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ.

ಮೂಲ ವಿಚಾರ ಅಪರಾಧ ವಿಜ್ಞಾನಿ ಎಡ್ಮಂಡ್ ಲೊಕಾರ್ ಅವರದು. 1910ರಲ್ಲಿ ಫ್ರಾನ್ಸಿನ ಲಿಯಾನ್ ಪೊಲೀಸರು ಅವರಿಗೆ ಅಟ್ಟದ ಮೇಲಿನ ಎರಡು ಕೋಣೆ ಬಿಟ್ಟುಕೊಟ್ಟರು. ಅವರ ಪ್ರಯೋಗಾಲಯ ಶುರುವಾದದ್ದು ಅಲ್ಲಿ. ಎರಡು ವಸ್ತು ಒಂದಕ್ಕೊಂದು ತಗುಲಿದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಏನಾದರೂ ಅಂಟಿಕೊಳ್ಳುತ್ತದೆ ಅನ್ನುವುದು ಅವರ ಮಾತಿನ ಸಾರ. ವಿಧಿವಿಜ್ಞಾನದ (ಫೊರೆನ್ಸಿಕ್) ಪಾಠ ಎಲ್ಲಿ ಓದಿದರೂ ಮೊದಲಿಗೆ ಇದೇ ಬರುತ್ತದೆ. ಆದರೆ ಅಂಟಿಕೊಂಡ ಆ ವಸ್ತುವಿಗೆ ಸಾಕ್ಷಿಯಾಗಿ ಬೆಲೆ ಎಷ್ಟು? ಅದನ್ನು ಅಷ್ಟಾಗಿ ಯಾರೂ ವಿವರಿಸುವುದಿಲ್ಲ. ನನಗೆ ಬೇಕಾಗಿದ್ದು ಅದು.

ಸಾಮಾನು

ಹತ್ತು ಪಟ್ಟು, ನಲವತ್ತು ಪಟ್ಟು ಮಸೂರ ಇರುವ ಕಾಲೇಜು ಮಟ್ಟದ ಮೈಕ್ರೋಸ್ಕೋಪ್. ಫೋಟೊ ತೆಗೆಯಲು ಫೋನು. ಅಗಲದ ಸೆಲ್ಲೋ ಟೇಪು. ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಉಳಿದಿದ್ದ ಪಾರದರ್ಶಕ ಹಾಳೆಗಳು. ಮೆಡಿಕಲ್ ಸ್ಟೋರಿನ ಗ್ಲಿಸರಿನ್. ಇಷ್ಟೇ.

ಆಮೇಲೆ ಸೇರಿಸಿದ ಒಂದು ವಸ್ತು ಮಾತ್ರ ಇಡೀ ಕೆಲಸದ ದಿಕ್ಕನ್ನೇ ಬದಲಾಯಿಸಿತು. ಕೆಟ್ಟುಹೋದ ಎಲ್‌ಸಿಡಿ ಮಾನಿಟರಿನ ಗಾಜಿನ ಮೇಲೆ ಒಂದು ತೆಳು ಹಾಳೆ ಅಂಟಿರುತ್ತದೆ, ಅದು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ. ರಿಪೇರಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಅದರ ಒಂದು ತುಂಡನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಐಪೀಸಿನ ಮೇಲೆ ಇಟ್ಟು ಅಡ್ಡಡ್ಡ ತಿರುಗಿಸಿದರೆ ನೋಟ ಪೂರ್ತಿ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ರೇಷ್ಮೆ, ಪಾಲಿಯೆಸ್ಟರ್, ಹತ್ತಿ ಹೊಳೆಯುತ್ತವೆ. ಗಾಜಿನ ಎಳೆ ಇದ್ದರೆ ಅದು ಕಾಣಿಸುವುದೇ ಇಲ್ಲ. ಸ್ಲೈಡನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ರೇಷ್ಮೆ ಎಳೆ ಒಂದು ಕೋನದಲ್ಲಿ ಆರಿಹೋಗುತ್ತದೆ. ಹತ್ತಿ ಹಾಗೆ ಪೂರ್ತಿ ಆರುವುದಿಲ್ಲ, ಅದರ ಮೈಯಲ್ಲಿ ತಿರುವುಗಳಿರುವುದರಿಂದ ಒಂದು ಕಡೆ ಆರಿದರೆ ಇನ್ನೊಂದು ಕಡೆ ಹೊಳೆಯುತ್ತಿರುತ್ತದೆ. ದುಡ್ಡು ಖರ್ಚಿಲ್ಲದೆ ಇಷ್ಟು ಕಾಣುತ್ತದೆ ಅಂದರೆ ನನಗೆ ಇವತ್ತಿಗೂ ಆಶ್ಚರ್ಯ.

ಹಸಿ ರೇಷ್ಮೆ, ಸೀರೆ ರೇಷ್ಮೆ

ಮೊದಲು ಹೋಲಿಸಿ ನೋಡಲು ಮಾದರಿಗಳು ಬೇಕು. ಎದುರುಮನೆಯಲ್ಲಿ ನೂಲು ಬಿಚ್ಚುವ ಭಾಯ್ ಹತ್ತಿರ ಸಿಬಿ (ಮಿಶ್ರ ತಳಿ) ಹಳದಿ ಗೂಡಿನದು, ಬೈವೋಲ್ಟೀನ್ (ದ್ವಿತಳಿ) ಬಿಳಿ ಗೂಡಿನದು, ಎರಡರ ಸಿಕ್ಕು ನೂಲನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿಸಿಕೊಂಡೆ. ಅಮ್ಮನ ಹಳೇ ರೇಷ್ಮೆ ಸೀರೆಯ ಸೆರಗಿನಿಂದ ಒಂದೆರಡು ಎಳೆ. ಜೊತೆಗೆ ಪಂಚೆಯ ಹತ್ತಿ, ಶಾಲಿನ ಉಣ್ಣೆ, ಪಾಲಿಯೆಸ್ಟರ್ ಷರ್ಟು.

ಗೂಡಿನಿಂದ ಬಂದ ಎಳೆಯನ್ನು ನಲವತ್ತರ ಮಸೂರದಲ್ಲಿ ನೋಡಿದರೆ ಅದು ಒಂದು ಎಳೆ ಅಲ್ಲ ಅನ್ನುವುದು ಗೊತ್ತಾಗುತ್ತದೆ. ಹುಳುವಿಗೆ ರೇಷ್ಮೆ ಗ್ರಂಥಿ ಎರಡು. ಎರಡರಿಂದಲೂ ಒಂದೊಂದು ಎಳೆ ಬಂದು, ಸೆರಿಸಿನ್ ಅನ್ನುವ ಅಂಟು ಎರಡನ್ನೂ ಸೇರಿಸಿ ಹಿಡಿದಿರುತ್ತದೆ. ಅಂಚಿನಲ್ಲಿ ಅಂಟು ಕೆಲವು ಕಡೆ ಗಂಟುಗಂಟಾಗಿ, ಕೆಲವು ಕಡೆ ಬಿರುಕು ಬಿಟ್ಟು ಕಾಣುತ್ತದೆ. ಅಂಟು ತೆಗೆಯದ ಇಂಥ ಹಸಿ ರೇಷ್ಮೆಯ ತೂಕದಲ್ಲಿ ಈ ಅಂಟೇ ಶೇಕಡಾ 20ರಿಂದ 30ರಷ್ಟು ಇರುತ್ತದೆ.

ಅಮ್ಮನ ಸೀರೆಯ ಎಳೆಯಲ್ಲಿ ಇದ್ಯಾವುದೂ ಇಲ್ಲ. ಬಣ್ಣ ಹಾಕುವ ಮೊದಲು ನೂಲನ್ನು ಸೋಪಿನ ನೀರಲ್ಲಿ ಬೇಯಿಸಿ ಅಂಟು ತೆಗೆಯುತ್ತಾರೆ. ಆದ್ದರಿಂದ ಎಳೆಗಳು ಒಂಟಿ ಒಂಟಿಯಾಗಿ, ನುಣ್ಣಗೆ ಇರುತ್ತವೆ. ಇದನ್ನು ಮನೆಯಲ್ಲೇ ಮಾಡಿ ನೋಡೋಣ ಅಂತ ಹಳದಿ ಸಿಕ್ಕು ನೂಲನ್ನು ಸೋಪು, ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಹಳೇ ಪಾತ್ರೆಯಲ್ಲಿ ಕುದಿಸಿದೆ. ನೀರು ಹಳದಿಯಾಯಿತು, ನೂಲು ಬೆಳ್ಳಗಾಯಿತು. ಹಳದಿ ಬಣ್ಣ ಇರುವುದು ಹೆಚ್ಚಾಗಿ ಆ ಅಂಟಿನಲ್ಲೇ, ಅಂಟಿನ ಜೊತೆ ಅದೂ ಹೋಗುತ್ತದೆ. ತೊಳೆದು ಒಣಗಿಸಿ ಸ್ಲೈಡಿಗೆ ಹಾಕಿದರೆ ಜೋಡಿ ಎಳೆಗಳು ಬೇರೆಯಾಗಿದ್ದವು. ಆ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ.

ಇದರ ಅರ್ಥ ದೊಡ್ಡದು. ಅಂಗಿ ಮೇಲೆ ಸಿಕ್ಕ ಎಳೆ ರೇಷ್ಮೆ ಅನ್ನುವುದಷ್ಟೇ ಅಲ್ಲ, ಅದು ನೂಲು ಬಿಚ್ಚುವ ಮನೆಯ ಕಡೆಯದ್ದಾ, ಸೀರೆಯ ಕಡೆಯದ್ದಾ ಅಂತ ಹೇಳಲು ದಾರಿ ಇದೆ.

ಸುಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತಿರುತ್ತದೆ. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದ ಉರಿದ ಹಾಗೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಸಾಕ್ಷಿಯನ್ನು ಸುಟ್ಟರೆ ಸಾಕ್ಷಿಯೇ ಹೋಯಿತಲ್ಲ? ಕೈಯಲ್ಲಿ ಇರುವುದು ಅರ್ಧ ಸೆಂಟಿಮೀಟರಿನ ಒಂದೇ ಎಳೆ ಆದರೆ ಮೊದಲು ಕಣ್ಣಿನ ಪರೀಕ್ಷೆ, ಹಾಳು ಮಾಡುವ ಪರೀಕ್ಷೆ ಕಟ್ಟಕಡೆಗೆ. ಹೀಗಾಗಿ ಸುಡುವುದನ್ನು ನಾನು ಮಾದರಿಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಕ, ಖ, ಗ, ಘ

ಅಕ್ಕನ ಮಗ ಬಿಎಸ್ಸಿ ಓದುತ್ತಿದ್ದಾನೆ. ಪರೀಕ್ಷೆ ಇಡುವ ಕೆಲಸ ಅವನದು. ಒಂದೇ ಥರದ ಹಳೇ ಹತ್ತಿ ಅಂಗಿಗಳನ್ನು ಒಗೆದು, ಒಣಗಿಸಿ, ನಾಲ್ಕು ಜನಕ್ಕೆ ಹಾಕಿಸಿದ. ಒಬ್ಬರು ಎದುರುಮನೆಯಲ್ಲಿ ಬೇಸಿನ್ (ನೂಲು ಬಿಚ್ಚಲು ಗೂಡು ಹಾಕುವ ನೀರಿನ ತೊಟ್ಟಿ) ಮುಂದೆ ಕೂತರು. ಒಬ್ಬರು ಮನೆಯಲ್ಲೇ ಇದ್ದರು. ಒಬ್ಬರು ನಮ್ಮ ಅತ್ತೆಯ ಮನೆಗೆ ಹೋಗಿ ಬಂದರು. ಇನ್ನೊಬ್ಬರು ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದರು. ಸಂಜೆ ನಾಲ್ಕು ಕಾಗದದ ಕವರು ತಂದಿಟ್ಟ. ಮೇಲೆ ಬರೀ ಕ, ಖ, ಗ, ಘ.

"ಗೂಡಿನ ಮನೆಗೆ ಹೋಗಿದ್ದು ಯಾವುದು ಹೇಳು ನೋಡೋಣ ಚಿಕ್ಕಮ್ಮ" ಅಂದ.

ಟೇಪನ್ನು ಅಂಗಿಯ ಮೇಲೆ ಒತ್ತಿ ತೆಗೆದು ಪಾರದರ್ಶಕ ಹಾಳೆಗೆ ಅಂಟಿಸುವುದು ಕ್ರಮ. ತೋಳು, ಎದೆ, ಬೆನ್ನು, ಮಡಿಲಿನ ಜಾಗ, ಪ್ರತಿಯೊಂದಕ್ಕೂ ಬೇರೆ ಟೇಪು. ಯಾವ ಟೇಪು ಎಲ್ಲಿಯದು ಅಂತ ಆಗಲೇ ಬರೆಯಬೇಕು. ಒಂದು ಅಂಗಿ ಮುಗಿದ ಮೇಲೆ ಮೇಜಿಗೆ ಹೊಸ ಕಾಗದ ಹಾಸಿ, ಕೈ ತೊಳೆದು, ಇನ್ನೊಂದು ಕವರು ತೆರೆಯಬೇಕು. ಯಾರೂ ಹಾಕದ ಒಂದು ಒಗೆದ ಅಂಗಿಯಿಂದಲೂ ಟೇಪು ತೆಗೆದಿಟ್ಟುಕೊಂಡಿದ್ದೆ. ಅದು ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

ಹಸಿ ರೇಷ್ಮೆ ನಾಲ್ಕರಲ್ಲೂ ಸಿಕ್ಕಿತು. ಬಸ್ಸಿನಲ್ಲಿ ಕೂತು ಹೋಗಿ ಬಂದ ಅಂಗಿಯ ಬೆನ್ನಿನಲ್ಲೂ ಸಿಕ್ಕಿತು. ಒಗೆದಿಟ್ಟ ಅಂಗಿಯ ಟೇಪಿನಲ್ಲೂ ಎಲ್ಲೋ ಒಂದೊಂದು ಇತ್ತು, ಅದು ಒಣಗಿದ್ದು ನಮ್ಮ ಬೀದಿಯ ಗಾಳಿಯಲ್ಲೇ ಅಲ್ವಾ. ಭಾಯ್‌ಗೆ ಹೇಳಿದಾಗ ಅವರಿಗೆ ಇದು ಹೊಸದೇ ಅಲ್ಲ. "ಹಬ್ಬಕ್ಕೆ ಹೊಸ ಬಟ್ಟೆ ಹಾಕ್ಕೊಂಡು ಬೆಂಗಳೂರಿಗೆ ಹೋದರೂ ಅಲ್ಲಿ ಯಾರಾದರೂ ಒಂದು ಎಳೆ ತೆಗೆದು ತೋರಿಸ್ತಾರೆ ಅಕ್ಕಾ" ಅಂದರು.

ಆದರೂ ಉತ್ತರ ಹೇಳಲು ಆಯಿತು. ಖ ಅಂಗಿಯ ಮಡಿಲು ಮತ್ತು ಬಲತೋಳಿನ ತುದಿಯಲ್ಲಿ ಎಳೆಗಳು ಮುತ್ತಿಕೊಂಡಿದ್ದವು, ಬೆನ್ನಿನಲ್ಲಿ ಕಡಿಮೆ. ಬೇಸಿನ್ ಮುಂದೆ ಕೂತು ಗೂಡಿನ ತುದಿ ಎತ್ತುವವರಿಗೆ ನೂಲು ತಾಗುವುದು ಅಲ್ಲೇ. ಉಳಿದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಎಳೆ ಇದೆಯಾ ಇಲ್ಲವಾ ಅನ್ನುವುದು ಈ ಊರಿನಲ್ಲಿ ಏನನ್ನೂ ಹೇಳುವುದಿಲ್ಲ. ಎಷ್ಟಿದೆ, ಎಲ್ಲಿದೆ ಅನ್ನುವುದು ಹೇಳುತ್ತದೆ.

ಗ ಅಂಗಿಯಲ್ಲಿ ಇನ್ನೊಂದು ಸಿಕ್ಕಿತು. ಕಡು ನೇರಳೆ ಬಣ್ಣದ, ಉದ್ದಕ್ಕೂ ಒಂದೇ ದಪ್ಪ ಇರುವ ನುಣುಪು ಎಳೆಗಳು. ಬೇರೆ ಯಾವ ಅಂಗಿಯಲ್ಲೂ ಇಲ್ಲ. ಅತ್ತೆ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಾರೆ. ಅವರ ದಾರದ ಉಂಡೆಯಿಂದ ಒಂದು ತುಂಡು ತಂದು ಪೋಲರೈಸರ್ ಕೆಳಗೆ ಪಕ್ಕಪಕ್ಕ ಇಟ್ಟರೆ ಬಣ್ಣ, ದಪ್ಪ, ಹೊಳಪು ಎಲ್ಲ ಹೊಂದಿತು. ಉಂಡೆಯ ದಾರವನ್ನು ಸುಟ್ಟರೆ ಕರಗಿ ಮಣಿಯಾಯಿತು. ಅಕ್ಕನ ಮಗ ಕುಣಿದಾಡಿದ. ಆದರೆ ಅದೇ ದಾರ ಪೇಟೆಯ ಫ್ಯಾನ್ಸಿ ಸ್ಟೋರಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ನೋಟ್‌ಬುಕ್ಕಿನಲ್ಲಿ ನಾನು ಬರೆದದ್ದು "ಈ ಉಂಡೆಯಿಂದ ಬಂದಿರಬಹುದು, ಬಂದಿಲ್ಲ ಅನ್ನಲು ಕಾರಣ ಸಿಗಲಿಲ್ಲ" ಅಂತ. ನಾರು ಒಬ್ಬ ಮನುಷ್ಯನನ್ನು ಬೆರಳಗುರುತಿನ ಹಾಗೆ ತೋರಿಸುವುದಿಲ್ಲ. ಅದರ ಮಿತಿಯನ್ನು ಅಲ್ಲೇ ಬರೆದಿಡುವುದು ತುಂಬಾ ಮುಖ್ಯ ಅಂತ ನನಗನ್ನಿಸುತ್ತದೆ. ಆ ಒಂದು ಸಾಲಿನ ಮೇಲೆ ಒಬ್ಬರ ಬದುಕೇ ನಿಂತಿರಬಹುದು.

ಅಪರೂಪದ್ದಕ್ಕೆ ಬೆಲೆ

ಲೊಕಾರ್ ಅವರದೇ 1912ರ ಪ್ರಕರಣವನ್ನು ಈಗ ಮತ್ತೆ ಓದಿದಾಗ ಬೇರೆ ಥರ ಅರ್ಥವಾಯಿತು. ಮೇರಿ ಲಾಟೆಲ್ ಅನ್ನುವ ಯುವತಿಯ ಕುತ್ತಿಗೆ ಹಿಸುಕಿ ಕೊಲೆಯಾಗಿತ್ತು. ಅವಳ ಪ್ರಿಯಕರ ಎಮಿಲ್ ಗೂರ್ಬಿನ್ ಮೇಲೆ ಅನುಮಾನ. ಆ ಹೊತ್ತಿಗೆ ಗೆಳೆಯರ ಜೊತೆ ಇಸ್ಪೀಟು ಆಡುತ್ತಿದ್ದೆ ಅಂತ ಅವನು ಹೇಳಿದ, ಗೆಳೆಯರೂ ಹೌದು ಅಂದರು. ಲೊಕಾರ್ ಅವನ ಉಗುರಿನ ಸಂದಿಯನ್ನು ಕೆರೆದು ತೆಗೆದರು. ಚರ್ಮದ ಚೂರುಗಳ ಜೊತೆ ಗುಲಾಬಿ ಬಣ್ಣದ ಪುಡಿ ಇತ್ತು. ಅಕ್ಕಿ ಹಿಟ್ಟು, ಬಿಸ್ಮತ್, ಸತುವಿನ ಆಕ್ಸೈಡ್, ಮೆಗ್ನೀಷಿಯಂ ಸ್ಟಿಯರೇಟ್, ಕೆಂಪು ಕಬ್ಬಿಣದ ಬಣ್ಣ. ಅದು ಮುಖಕ್ಕೆ ಹಚ್ಚುವ ಪೌಡರ್, ಲಿಯಾನಿನ ಒಬ್ಬ ಔಷಧಿ ಅಂಗಡಿಯವನು ಲಾಟೆಲ್‌ಗೆ ಅಂತಲೇ ತಯಾರಿಸಿ ಕೊಟ್ಟದ್ದು. ಗೂರ್ಬಿನ್ ಒಪ್ಪಿಕೊಂಡ. ಗೆಳೆಯರನ್ನು ನಂಬಿಸಲು ಗಡಿಯಾರ ಮುಂದಕ್ಕೆ ತಿರುಗಿಸಿಟ್ಟಿದ್ದ. ಅದೇ ಪೌಡರ್ ಊರಿನ ಪ್ರತಿ ಮನೆಯಲ್ಲೂ ಇದ್ದಿದ್ದರೆ?

ಅಮೆರಿಕದ ಅಟ್ಲಾಂಟಾದಲ್ಲಿ ವೇಯ್ನ್ ವಿಲಿಯಮ್ಸ್ ಅನ್ನುವವನ ಕೊಲೆ ಪ್ರಕರಣವೂ ಹಾಗೇ, ಕೊಲೆಯ ಆರೋಪ ಇದ್ದದ್ದು ಅವನ ಮೇಲೆ. 1982ರಲ್ಲಿ ಅವನಿಗೆ ಶಿಕ್ಷೆಯಾಯಿತು. ಅಲ್ಲಿ ಮುಖ್ಯ ಸಾಕ್ಷಿಗಳಲ್ಲಿ ಒಂದು ಅವನ ಮನೆಯ ಕಾರ್ಪೆಟ್ಟಿಗೆ ಹೊಂದಿದ ಹಸಿರು ನೈಲಾನ್ ಎಳೆ. ಅಡ್ಡ ಕತ್ತರಿಸಿದರೆ ಮೂರು ಹಾಲೆ (ಎಸಳಿನಂಥ ಉಬ್ಬು) ಕಾಣುವ, ಅಪರೂಪದ ಆಕಾರ. ತಯಾರಿಸಿದ ಕಂಪನಿ ಯಾವುದು, ಎಷ್ಟು ಮಾರಾಟವಾಯಿತು ಅಂತ ಹುಡುಕಿ, ಆ ಪ್ರದೇಶದಲ್ಲಿ ಸುಮಾರು 7,792 ಮನೆಗಳಿಗೆ ಒಂದರಲ್ಲಿ ಮಾತ್ರ ಅದು ಇರಬಹುದು ಅಂತ ಲೆಕ್ಕ ಹಾಕಿದರು. ಆ ಲೆಕ್ಕದ ಬಗ್ಗೆ ವಾದ ವಿವಾದ ಇದ್ದೇ ಇದೆ. ಆದರೆ "ಇದು ಇಲ್ಲಿ ಎಷ್ಟು ಸಾಮಾನ್ಯ?" ಅಂತ ಕೇಳಿದ್ದು ಸರಿ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ರೀಲರ್ ಒಬ್ಬರ ಅಂಗಿಯಲ್ಲಿ ಹಸಿ ರೇಷ್ಮೆ ಸಿಕ್ಕರೆ ಅದು ಸುದ್ದಿಯೇ ಅಲ್ಲ. ಎಂದೂ ಇತ್ತ ಬಂದಿಲ್ಲ ಅನ್ನುವ ದೂರದ ಊರಿನವನ ತೋಳಿನಲ್ಲಿ ಗೊಂಚಲಾಗಿ ಸಿಕ್ಕರೆ ಕೇಳಬೇಕಾದ್ದು ಬಹಳ ಇದೆ. ಎಳೆ ಅದೇ, ಬೆಲೆ ಬೇರೆ.

ಎಷ್ಟು ಹೊತ್ತು ಉಳಿಯುತ್ತದೆ

1975ರಲ್ಲಿ ಪೌಂಡ್ಸ್ ಮತ್ತು ಸ್ಮಾಲ್ಡನ್ ಅನ್ನುವವರು ಇದನ್ನು ಅಳೆದಿದ್ದರು. ಬಟ್ಟೆಗೆ ಅಂಟಿದ ಎಳೆಗಳಲ್ಲಿ ಶೇಕಡಾ 80ರಷ್ಟು ಮೊದಲ ನಾಲ್ಕು ಗಂಟೆ ಓಡಾಡುವಷ್ಟರಲ್ಲೇ ಉದುರಿಹೋಗುತ್ತವೆ ಅನ್ನುವುದು ಅವರ ಫಲಿತಾಂಶ. ನಾನು ಕೆಂಪು ಉಣ್ಣೆ ಎಳೆಗಳನ್ನು ಹತ್ತಿ ಅಂಗಿಗೆ ಉಜ್ಜಿ, ಎಣಿಸಿ, ಅಂಗಡಿಗೆ ಹಾಕಿಕೊಂಡು ಹೋದೆ. ಮಧ್ಯಾಹ್ನ ಊಟದ ಹೊತ್ತಿಗೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೋಗಿತ್ತು. ಉಳಿದದ್ದು ಹೆಚ್ಚಾಗಿ ಜೇಬಿನ ಹೊಲಿಗೆ, ಕಾಲರಿನ ಅಡಿ. ಘಟನೆ ನಡೆದ ಜಾಗಕ್ಕೆ ಬೇಗ ಹೋಗಬೇಕು, ಬಟ್ಟೆಯನ್ನು ಬೇಗ ವಶಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ಯಾಕೆ ಅಂತ ಇದರಿಂದ ಚೆನ್ನಾಗಿ ತಿಳಿಯಿತು.

2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ವಿಚಾರ ಇದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೋ ಮಾಡಬೇಕು ಅಂತ 176(3)ನೇ ಕಲಂ ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಸಮಯ ಇದೆ. ಶೋಧ, ಜಪ್ತಿಯ ವಿಡಿಯೋಗೆ 105ನೇ ಕಲಂ ಬೇರೆ ಇದೆ. ಹಿಂದೆ ಮಹಜರು ಅಂದರೆ ಕಾಗದ, ಪಂಚರ ಸಹಿ. ಈಗ ಅದರ ಜೊತೆಗೆ ಕ್ಯಾಮೆರಾ. ನನ್ನ ಮಟ್ಟಿಗೆ ಇದು ತುಂಬಾ ಒಳ್ಳೆಯ ಬದಲಾವಣೆ. ಎಳೆ ಎಲ್ಲಿತ್ತು ಅನ್ನುವುದು ಎಳೆಯಷ್ಟೇ ಮುಖ್ಯ ಅಂತ ಖ ಅಂಗಿ ತೋರಿಸಿದೆಯಲ್ಲ.

ಇದನ್ನು ಮಾಡಿ ನೋಡುವವರಿಗೆ ಎರಡು ಮಾತು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಿ. ಇನ್ನೊಂದು, ನಿಜವಾದ ಘಟನೆ ನಡೆದ ಜಾಗದ ಹತ್ತಿರಕ್ಕೂ ಹೋಗಬೇಡಿ. ಅಲ್ಲಿ ನಿಮ್ಮ ಚಪ್ಪಲಿಯ ಧೂಳು, ನಿಮ್ಮ ಅಂಗಿಯ ಎಳೆ ಬಿದ್ದರೆ ಒಬ್ಬರ ನ್ಯಾಯ ಕೆಡುತ್ತದೆ. ಕಲಿಯಲು ಮನೆಯ ಬಟ್ಟೆ ಸಾಕು.

ಮುಂದಿನ ಕೆಲಸ ಊರಿನ ಹಿನ್ನೆಲೆ ಅಳೆಯುವುದು. ಆಟೋ ಸೀಟು, ಬಸ್ಸಿನ ಸೀಟು, ಹೋಟೆಲಿನ ಕುರ್ಚಿಗಳಿಂದ ಮಾಲೀಕರ ಒಪ್ಪಿಗೆ ಕೇಳಿ ಟೇಪು ತೆಗೆದು, ಒಂದು ಟೇಪಿಗೆ ಹಸಿ ರೇಷ್ಮೆ ಎಷ್ಟು ಅಂತ ಎಣಿಸಬೇಕು. ಅದನ್ನೇ ಚಿಕ್ಕಬಳ್ಳಾಪುರದಲ್ಲಿ, ಗೌರಿಬಿದನೂರಿನಲ್ಲಿ ಮಾಡಬೇಕು. ನೂಲು ಬಿಚ್ಚುವ ಮನೆಯಿಂದ ದೂರ ಹೋದ ಹಾಗೆ ಎಣಿಕೆ ಹೇಗೆ ಇಳಿಯುತ್ತದೆ ಅಂತ ನೋಡಬೇಕು. ಗೌರಿಬಿದನೂರಿನ ಕಡೆ ಯಾರಾದರೂ ತಮ್ಮ ಮನೆಯ ಸೋಫಾದಿಂದ ಟೇಪು ತೆಗೆದು ಕಳಿಸಲು ತಯಾರಿದ್ದರೆ ಹೇಳಿ, ಹಾಳೆ ಮತ್ತು ಕವರು ನಾನೇ ಕಳಿಸುತ್ತೇನೆ.