ಇರುವೆಗೆಂತ ಗಣಿತ ಬರ್ತದಾ?

ಕಾಸರಗೋಡಿನ ಬದಿಯಡ್ಕಕ್ಕೆ ಹೋದಾಗಲೆಲ್ಲ ಯಾರಾದರೂ ಇದನ್ನೇ ಕೇಳುತ್ತಾರೆ. ಕಳೆದ ಸಲ ಮದುವೆ ಊಟದ ಪಂಕ್ತಿಯಲ್ಲಿ ಮಾವ ಕೇಳಿದರು: "ನೀನು ಕಂಪ್ಯೂಟರಿನಲ್ಲಿ ಇರುವೆ ಬಿಡುವುದಂತೆ? ಇರುವೆಗೆಂತ ಗಣಿತ ಬರ್ತದಾ ಮಾರಾಯ?"

ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ವಾಸನೆ ಮಾತ್ರ. ನಾನು ಬಿಡುವುದು ಆ ಇರುವೆಗಳ ಹಾಗೆ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಮು.

ಅದೇ ಮದುವೆಯ ಹೇಳಿಕೆ, ಅಂದರೆ ಆಮಂತ್ರಣ, ಕೊಡಲು ಮಾವ ಜೀಪು ಹತ್ತಿದ್ದರಲ್ಲ, ಲೆಕ್ಕ ಅಲ್ಲಿಂದಲೇ ಶುರು. ನೀರ್ಚಾಲು, ಪೆರ್ಲ, ಮುಳ್ಳೇರಿಯ, ಅಡೂರು ಅಂತ 14 ಮನೆ. ಎಲ್ಲ ಸುತ್ತಿ ವಾಪಸ್ ಬರಬೇಕು, ಡೀಸೆಲ್ ಕಡಿಮೆ ಸುಡಬೇಕು. ಇದಕ್ಕೆ 4,358 ಕೋಟಿಗೂ ಜಾಸ್ತಿ ದಾರಿಗಳಿವೆ. "ಅಯ್ಯೋ, ಇನ್ನೊಂದು ಮನೆ ಬಿಟ್ಟುಹೋಯ್ತು" ಅಂತ ಅತ್ತೆ ಅಂದರೆ ಅದರ 15 ಪಟ್ಟು! ಒಂದೊಂದನ್ನೇ ಅಳೆಯುತ್ತ ಕೂತರೆ ಮದುವೆ ಮುಗಿದಿರುತ್ತದೆ.

ಇರುವೆ ಅಳೆಯುವುದಿಲ್ಲ. ಜಗಲಿಯಲ್ಲಿ ಹಲಸಿನ ಸೊಳೆ ಬಿದ್ದರೆ ಮೊದಲು ನಾಲ್ಕು ಇರುವೆ ದಿಕ್ಕಾಪಾಲಾಗಿ ಓಡಾಡುತ್ತವೆ. ಸೊಳೆ ಸಿಕ್ಕಿದ್ದು ಗೂಡಿಗೆ ಮರಳುವಾಗ ನೆಲಕ್ಕೆ ಫೆರೋಮೋನ್ ಅನ್ನುವ ವಾಸನೆ ಹಚ್ಚುತ್ತದೆ. ಹತ್ತಿರದ ದಾರಿಯವು ಬೇಗ ಹೋಗಿ ಬೇಗ ಬರುತ್ತವೆ. ಹಾಗಾಗಿ ಅಲ್ಲಿ ವಾಸನೆ ಬೇಗ ದಟ್ಟವಾಗುತ್ತದೆ. ಉಳಿದವು ಅತ್ತಲೇ ತಿರುಗುತ್ತವೆ.

ಆದರೆ ಇರುವೆಯೂ ಮೋಸ ಹೋಗುತ್ತದೆ. 1989ರಲ್ಲಿ ಬ್ರಸೆಲ್ಸ್‌ನ ವಿಜ್ಞಾನಿಗಳು ಅರ್ಜೆಂಟೀನಾ ಇರುವೆಗಳಿಗೆ ಮೊದಲು ಉದ್ದದ ಸೇತುವೆಯೊಂದನ್ನೇ ಕೊಟ್ಟರು. ಆಮೇಲೆ ಗಿಡ್ಡದ್ದನ್ನೂ ಇಟ್ಟರು. ಹೆಚ್ಚಿನವು ಹಳೇ ದಾರಿ ಬಿಡಲೇ ಇಲ್ಲ! ವಾಸನೆ ಅಷ್ಟು ಬೇಗ ಆರುವುದಿಲ್ಲ.

1992ರಲ್ಲಿ ಮಿಲಾನ್‌ನಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡಿದ ಮಾರ್ಕೋ ಡೊರಿಗೊ ಕಂಪ್ಯೂಟರಿನ ಇರುವೆಗಳಿಗೆ ಮರೆವು ಕೊಟ್ಟರು. ಅಲ್ಲಿ ವಾಸನೆ ಅಂದರೆ ಪ್ರತಿ ದಾರಿಗೆ ಬರೆದಿಟ್ಟ ಒಂದು ಅಂಕೆ. ಪ್ರತಿ ಸುತ್ತಿಗೂ ಅದು ಒಂದಿಷ್ಟು ಆರಲೇಬೇಕು. ನನಗೆ ಇಡೀ ವಿದ್ಯೆಯಲ್ಲಿ ಚಂದ ಕಂಡದ್ದು ಇದೊಂದೇ. ಒಮ್ಮೆ ನಾನು ಪ್ರೋಗ್ರಾಮಿನಲ್ಲಿ ವಾಸನೆ ಆರಿಸುವ ಸಾಲನ್ನೇ ಬರೆಯಲು ಮರೆತಿದ್ದೆ. ನನ್ನ ಇರುವೆಗಳು ಮುಳ್ಳೇರಿಯದವರೆಗೆ ಹೋಗಿ, ಅಲ್ಲಿಂದ ಪೆರ್ಲಕ್ಕೆ ಓಡಿ, ಮತ್ತೆ ಅಡೂರಿಗೆ ಬರುವ ದಾರಿಗೇ ಜೋತುಬಿದ್ದವು. ಹಾಗಂತ ತೀರಾ ಬೇಗ ಆರಿಸಿದರೆ ಕಲಿತದ್ದೂ ಹೋಗುತ್ತದೆ. ಎಲ್ಲ ಸರಿಯಿದ್ದರೂ ಸಿಗುವುದು ಒಳ್ಳೆಯ ದಾರಿ. ಅದೇ ಅತಿ ಒಳ್ಳೆಯದು ಅನ್ನುವ ಗ್ಯಾರಂಟಿ ಇಲ್ಲ.

1995ರಲ್ಲಿ ಕೆನಡಿ, ಎಬರ್‌ಹಾರ್ಟ್ ಅನ್ನುವ ಇಬ್ಬರು ಸಂಶೋಧಕರು ಹಕ್ಕಿಗಳ ಹಿಂಡು ನೋಡಿ ಒಳ್ಳೆಯ ಉತ್ತರ ಹುಡುಕುವ ಇನ್ನೊಂದು ವಿಧಾನ ಮಾಡಿದರು. ಅದೂ ಗಟ್ಟಿಯಾದದ್ದೇ. ಆಮೇಲೆ ತೋಳ, ತಿಮಿಂಗಿಲ, ಬಾವಲಿ ಹೆಸರಿನ ವಿಧಾನಗಳೆಲ್ಲ ಬಂದವು. ಸುಮಾರು ಕಡೆ ಹಳೇ ಗಣಿತಕ್ಕೇ ಹೊಸ ಚರ್ಮ ಹೊದಿಸಿದ್ದಾರೆ ಅನ್ನುವುದು ನನ್ನ ತಕರಾರು.

ಮಾವನ ಜೀಪಿಗೆ ಮಾತ್ರ ನನ್ನ ಇರುವೆ ಬೇಡವಂತೆ. ಊಟದ ಹೊತ್ತಿಗೆ ಯಾರ ಮನೆ ತಲುಪಬೇಕು ಅನ್ನುವುದೇ ಅವರ ಮೊದಲ ಲೆಕ್ಕ. ಅದನ್ನೂ ಪ್ರೋಗ್ರಾಮಿಗೆ ಸೇರಿಸಬಹುದು ಅಂದೆ. ಯಾರ ಮನೆ ಅಡುಗೆ ರುಚಿ ಅಂತ ಬರೆದುಕೊಡಲು ಅವರು ಒಪ್ಪಲಿಲ್ಲ.